ಜಾಲತಾಣದ ಪ್ರತಿ: ಉದ್ದಿಮೆದಾರರು ಇರಿಸಿಕೊಳ್ಳಬೇಕಾದ ಮತ್ತೊಂದು ದಾಖಲೆ

ಕಿರ್ದಿ, ಖಾತೆ, ಬಿಲ್ಲು, ರಸೀದಿಗಳನ್ನು ವರ್ಷವಾರು ಕಟ್ಟಿ ಜೋಪಾನ ಮಾಡುವ ವರ್ತಕರೂ ತಮ್ಮ ಜಾಲತಾಣವನ್ನು ಒಂದು ದಾಖಲೆಯೆಂದು ಪರಿಗಣಿಸುವುದು ವಿರಳ. ಅದು ಅಂಗಡಿಯ ನಾಮಫಲಕದಂತೆ, ಒಮ್ಮೆ ತೂಗುಹಾಕಿದರೆ ತಾನಾಗಿಯೇ ಇರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ನಾಮಫಲಕವು ಅಂಗಡಿಯ ಗೋಡೆಯ ಮೇಲಿರುತ್ತದೆ. ಜಾಲತಾಣವಿರುವುದು ಬೇರೊಬ್ಬರ ಗಣಕಯಂತ್ರದಲ್ಲಿ, ಅದೂ ವಾರ್ಷಿಕ ಬಾಡಿಗೆಯ ಆಧಾರದ ಮೇಲೆ. ಬಾಡಿಗೆ ನಿಂತರೆ, ಸೇವೆ ನೀಡುವ ಸಂಸ್ಥೆಯೇ ಆ ವ್ಯವಹಾರವನ್ನು ಕೈಬಿಟ್ಟರೆ ಅಥವಾ ಯಂತ್ರವೇ ನಾಶವಾದರೆ ಜಾಲತಾಣವೂ ಇಲ್ಲವಾಗುತ್ತದೆ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಗೂಗಲ್ ಸಂಸ್ಥೆಯು ಸಣ್ಣ ವ್ಯಾಪಾರಿಗಳಿಗಾಗಿ ತನ್ನ ಬಿಸಿನೆಸ್ ಪ್ರೊಫೈಲ್ ಸೇವೆಯ ಜೊತೆಯಲ್ಲಿ ಉಚಿತ ಜಾಲತಾಣವನ್ನು ಒದಗಿಸುತ್ತಿತ್ತು. ಅಂಗಡಿಯ ಹೆಸರಿನ ಮುಂದೆ 'ಬಿಸಿನೆಸ್ ಡಾಟ್ ಸೈಟ್' ಎಂಬ ವಿಳಾಸ ಹೊತ್ತ ಈ ತಾಣಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಅಲ್ಲಿಗೆ ಬಂದ ಗ್ರಾಹಕರನ್ನು ಅದೇ ವರ್ಷದ ಜೂನ್ 10ರವರೆಗೆ ಅಂಗಡಿಯ ಪ್ರೊಫೈಲ್ ಪುಟಕ್ಕೆ ಕಳುಹಿಸಲಾಗುತ್ತಿತ್ತು. ಅನಂತರ ಆ ವಿಳಾಸಗಳು ನಿರುಪಯುಕ್ತವಾದವು. ಆ ವಿಳಾಸವನ್ನು ಭೇಟಿಚೀಟಿ, ಕೈಚೀಲ, ರಸೀದಿ ಪುಸ್ತಕಗಳ ಮೇಲೆ ಅಚ್ಚು ಹಾಕಿಸಿದ್ದವರಿಗೆ ಆದ ನಷ್ಟವನ್ನು ಊಹಿಸಬಹುದು. ಇದಕ್ಕೂ ಹಿಂದೆ, ಜಿಯೋಸಿಟೀಸ್ ಎಂಬ ಉಚಿತ ಜಾಲತಾಣ ಸೇವೆಯನ್ನು 1999ರಲ್ಲಿ ಕೊಂಡ ಯಾಹೂ ಸಂಸ್ಥೆಯು 2009ರ ಏಪ್ರಿಲ್‌ನಲ್ಲಿ ಮುಚ್ಚುವ ನಿರ್ಧಾರವನ್ನು ಪ್ರಕಟಿಸಿ, ಅಕ್ಟೋಬರ್ 26ರಂದು ಮುಚ್ಚಿಯೇಬಿಟ್ಟಿತು. ಆರು ತಿಂಗಳ ಆ ಅವಧಿಯಲ್ಲಿ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡವು ತನ್ನಿಂದಾದಷ್ಟು ಪುಟಗಳನ್ನು ಇಳಿಸಿಕೊಂಡು, ಮರುವರ್ಷ ಸುಮಾರು 640 ಗಿಗಾಬೈಟ್‌ಗಳ ಸಂಗ್ರಹವಾಗಿ ಬಿಡುಗಡೆ ಮಾಡಿತು. ಪುಟಗಳ ಮಾಲೀಕರಲ್ಲಿ ಅನೇಕರಿಗೆ ತಮ್ಮ ತಾಣ ಹೋದದ್ದು ತಿಳಿದದ್ದೇ ಅದು ಹೋದ ಮೇಲೆ.

ಅಗ್ನಿ ಅನಾಹುತದ ಭಯವೂ ಕಾಲ್ಪನಿಕವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಸಂಪೂರ್ಣ ಸುಟ್ಟುಹೋಯಿತು. ಲಕ್ಷಾಂತರ ಜಾಲತಾಣಗಳು ಸ್ಥಗಿತಗೊಂಡವು. ಬ್ಯಾಕಪ್ ಪ್ರತಿಯೂ ಅದೇ ಆವರಣದಲ್ಲಿದ್ದ ಗ್ರಾಹಕರು ಮೂಲ ಹಾಗೂ ಪ್ರತಿ ಎರಡನ್ನೂ ಒಟ್ಟಿಗೇ ಕಳೆದುಕೊಂಡರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳ ಪೈಕಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ದೊರೆಯುತ್ತಿರಲಿಲ್ಲ.

ಹಳೆಯ ಪುಟದಿಂದ ಏನು ಪ್ರಯೋಜನ?

ಪುಟ ಹೋದರೆ ಹೊಸದನ್ನು ಮಾಡಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಹೊಸ ಪುಟವನ್ನು ಮಾಡಿಸಬಹುದು, ಹಳೆಯ ದಿನಾಂಕವನ್ನು ಮಾಡಿಸಲಾಗದು. ವ್ಯಾಪಾರಚಿಹ್ನೆಯ ವಿಷಯವನ್ನೇ ನೋಡೋಣ. ಭಾರತದ ಕಾನೂನು ಕೇವಲ ಮೊದಲು ನೋಂದಾಯಿಸಿದವರಿಗೆ ಹಕ್ಕು ಕೊಡುವುದಿಲ್ಲ. ಮೊದಲು ಬಳಸಿದವರನ್ನೂ ರಕ್ಷಿಸುತ್ತದೆ. 1999ರ ವ್ಯಾಪಾರಚಿಹ್ನೆಗಳ ಅಧಿನಿಯಮದ 34ನೆಯ ಪ್ರಕರಣದಂತೆ, ಮತ್ತೊಬ್ಬರು ಬಳಕೆ ಆರಂಭಿಸುವುದಕ್ಕೂ ಅಥವಾ ನೋಂದಾಯಿಸುವುದಕ್ಕೂ ಮುಂಚಿನಿಂದ ಒಂದು ಹೆಸರನ್ನು ಸತತವಾಗಿ ಬಳಸಿಕೊಂಡು ಬಂದಿರುವ ವ್ಯಾಪಾರಿಯನ್ನು, ನೋಂದಣಿ ಪಡೆದವರು ಆ ಬಳಕೆಯಿಂದ ತಡೆಯುವಂತಿಲ್ಲ. ಆದರೆ ಮುಂಚಿನ ಬಳಕೆಯನ್ನು ಸಾಬೀತುಪಡಿಸುವ ಹೊಣೆ ಹಾಗೆಂದು ಹೇಳುವವರ ಮೇಲೆಯೇ ಇರುತ್ತದೆ. 2017ರ ವ್ಯಾಪಾರಚಿಹ್ನೆ ನಿಯಮಗಳ 25ನೆಯ ನಿಯಮವು, ಅರ್ಜಿಯ ದಿನಾಂಕಕ್ಕೆ ಮುಂಚಿನ ಬಳಕೆಯನ್ನು ಹೇಳಿಕೊಳ್ಳುವವರು ಪ್ರಮಾಣಪತ್ರದೊಂದಿಗೆ ಪೂರಕ ದಾಖಲೆಗಳನ್ನೂ ಸಲ್ಲಿಸಬೇಕೆಂದು ವಿಧಿಸುತ್ತದೆ.

ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಆಟಿಕೆ ತಯಾರಿಸುವ ಒಬ್ಬ ಉದ್ದಿಮೆದಾರರನ್ನು ಕಲ್ಪಿಸಿಕೊಳ್ಳಬಹುದು. 2011ರಿಂದ ಒಂದು ಹೆಸರಿನಲ್ಲಿ ಅವರ ಮಾಲು ಮಾರಾಟವಾಗುತ್ತಿದೆ, ನೋಂದಣಿ ಮಾಡಿಸಿಲ್ಲ. ಬೇರೆ ರಾಜ್ಯದ ಒಂದು ಕಂಪನಿ 2019ರಲ್ಲಿ ಅದೇ ಹೆಸರನ್ನು ನೋಂದಾಯಿಸಿಕೊಂಡು ವಕೀಲರ ನೋಟೀಸು ಕಳುಹಿಸುತ್ತದೆ. ಬಿಲ್ಲುಗಳಲ್ಲಿ ಸಂಸ್ಥೆಯ ಹೆಸರು ಇದೆಯೇ ಹೊರತು ಆಟಿಕೆಯ ಹೆಸರಿಲ್ಲ. 'ಮರದ ಆಟಿಕೆ, 200 ನಗ' ಎಂದಷ್ಟೇ ಬರೆಯಲಾಗಿದೆ. ಹೆಸರು, ಚಿಹ್ನೆ, ಚಿತ್ರ, ಬೆಲೆ ಎಲ್ಲವೂ ಒಟ್ಟಿಗೆ ಇದ್ದದ್ದು 2012ರ ಜಾಲತಾಣದಲ್ಲಿ. ಆ ತಾಣದ ದಿನಾಂಕಸಹಿತ ಪ್ರತಿ ಇದ್ದಲ್ಲಿ ಉತ್ತರ ಬರೆಯುವುದು ಸುಲಭ. ಇಲ್ಲದಿದ್ದಲ್ಲಿ ಹಳೆಯ ಗ್ರಾಹಕರ ಬಳಿ ಹೋಗಿ ಪ್ರಮಾಣಪತ್ರ ಬೇಡಬೇಕಾಗುತ್ತದೆ.

ಖಾತರಿ ಷರತ್ತುಗಳದ್ದೂ ಇದೇ ಕಥೆ. ಪಂಪು, ಮೋಟಾರು, ಅಡುಗೆ ಸಲಕರಣೆಗಳ ತಯಾರಕರು 'ಷರತ್ತುಗಳಿಗೆ ನಮ್ಮ ಜಾಲತಾಣವನ್ನು ನೋಡಿ' ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವುದು ಈಗ ರೂಢಿಯಾಗಿದೆ. ಮಾರಾಟದ ದಿನ ತಾಣದಲ್ಲಿ ಒಂದು ವರ್ಷದ ಖಾತರಿ ಇತ್ತೋ, ಎರಡು ವರ್ಷವೋ? 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ದೂರು ಸಲ್ಲಿಸಲು ಎರಡು ವರ್ಷಗಳ ಕಾಲಾವಕಾಶವಿದೆ. ಅಷ್ಟರಲ್ಲಿ ಪುಟವನ್ನು ನಾಲ್ಕು ಬಾರಿ ತಿದ್ದಲಾಗಿರಬಹುದು. ಗ್ರಾಹಕರ ಮೊಬೈಲಿನಲ್ಲಿ ಅಂದಿನ ಪುಟದ ಚಿತ್ರವಿದ್ದು, ತಯಾರಕರ ಬಳಿ ಏನೂ ಇಲ್ಲದಿದ್ದರೆ ವಾದ ಯಾರ ಕಡೆ ವಾಲುವುದೆಂದು ಹೇಳಬೇಕಿಲ್ಲ.

ಇನ್ನು ತಾಣದ ಮೂಲಕವೇ ಆರ್ಡರು ಪಡೆದು ಬಿಲ್ಲು ಸಿದ್ಧಪಡಿಸುವವರ ವಿಷಯ ಬೇರೆಯೇ ಆಗಿದೆ. ಅಲ್ಲಿನ ದತ್ತಾಂಶವು ಜಾಹೀರಾತಲ್ಲ, ಲೆಕ್ಕಪತ್ರದ ಭಾಗ. ಕೇಂದ್ರೀಯ ಜಿಎಸ್‌ಟಿ ಅಧಿನಿಯಮದ 36ನೆಯ ಪ್ರಕರಣವು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಬೇಕೆಂದು ಹೇಳುತ್ತದೆ; 2024-25ನೆಯ ಸಾಲಿನ ದಾಖಲೆಗಳಿಗೆ ಇದು 2031ರ ಡಿಸೆಂಬರ್ 31ರವರೆಗೆ ಬರುತ್ತದೆ. ಕಂಪನಿಗಳಿಗೆ ಎಂಟು ಹಣಕಾಸು ವರ್ಷಗಳ ಅವಧಿಯಿದೆ. ಅಲ್ಲದೆ 2022ರ ಆಗಸ್ಟ್‌ನ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸುವುದು ಕಂಪನಿಗಳಿಗೆ ಕಡ್ಡಾಯ. ಹೋಸ್ಟಿಂಗ್ ಸಂಸ್ಥೆ ಮುಚ್ಚಿತೆಂಬುದು ಅಧಿಕಾರಿಗಳ ಮುಂದೆ ಸಮಜಾಯಿಷಿಯಾಗಲಾರದು.

ತಾಣ ಯಾರ ಹೆಸರಿನಲ್ಲಿದೆ?

ಪ್ರತಿ ತೆಗೆಯುವ ಮುನ್ನ ಒಡೆತನವನ್ನು ಪರಿಶೀಲಿಸುವುದು ಅಗತ್ಯ. ಡೊಮೇನ್ ಹೆಸರನ್ನು ವಿನ್ಯಾಸಕಾರರೇ ತಮ್ಮ ಹೆಸರಿನಲ್ಲಿ, ತಮ್ಮ ಮಿಂಚಂಚೆ ವಿಳಾಸ ಕೊಟ್ಟು ನೋಂದಾಯಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ. ನವೀಕರಣದ ಸೂಚನೆ ಅವರಿಗೆ ಹೋಗುತ್ತದೆ. ಅವರು ಊರು ಬಿಟ್ಟಿದ್ದರೆ ಅಥವಾ ಕಸುಬು ಬದಲಿಸಿದ್ದರೆ ಸೂಚನೆಯನ್ನು ಓದುವವರೇ ಇರುವುದಿಲ್ಲ. 'ಡಾಟ್ ಕಾಮ್' ಹೆಸರುಗಳಲ್ಲಿ, ಅವಧಿ ಮುಗಿದು ನೋಂದಣಿ ಅಳಿಸಲ್ಪಟ್ಟ ಮೇಲೂ 30 ದಿನ ಮಾಲೀಕರಿಗೆ ಮರಳಿ ಪಡೆಯುವ ಅವಕಾಶವಿರುತ್ತದೆ. ಶುಲ್ಕ ಮಾತ್ರ ಸಾಮಾನ್ಯ ನವೀಕರಣಕ್ಕಿಂತ ಬಹಳ ಹೆಚ್ಚು. ಆಮೇಲೆ ಐದು ದಿನ ಕಳೆದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹೀಗೆ ಬಿಟ್ಟುಹೋದ ಹೆಸರುಗಳನ್ನು ಕಾದು ಕೊಳ್ಳುವುದನ್ನೇ ವ್ಯಾಪಾರ ಮಾಡಿಕೊಂಡವರಿದ್ದಾರೆ. 'ಡಾಟ್ ಇನ್' ಹೆಸರುಗಳ ನೋಂದಣಿಯನ್ನು ನಿಕ್ಸಿ ಸಂಸ್ಥೆ ನಿರ್ವಹಿಸುತ್ತದೆ. ಅವುಗಳ ವಿವಾದಗಳಿಗೆ ಪ್ರತ್ಯೇಕ ಪಂಚಾಯಿತಿಯ ವ್ಯವಸ್ಥೆ ಉಂಟು. ಆದರೆ ಐದು ವರ್ಷದ ನವೀಕರಣಕ್ಕೆ ಒಮ್ಮೆಗೇ ಹಣ ಕಟ್ಟುವುದು ವಿವಾದಕ್ಕಿಂತ ಎಷ್ಟೋ ಅಗ್ಗ.

ಎರಡನೆಯ ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ತಾಣದ ಕೃತಿಸ್ವಾಮ್ಯ ಹಣ ಕೊಟ್ಟವರದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಸಂಬಳದ ನೌಕರರು ಕೆಲಸದ ಅಂಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಲೀಕರಿಗೆ ಸೇರುತ್ತದೆ. ಹಣ ಪಡೆದು ತೆಗೆದುಕೊಟ್ಟ ಛಾಯಾಚಿತ್ರಗಳೂ ಸಾಮಾನ್ಯವಾಗಿ ತೆಗೆಸಿದವರವೇ. ಆದರೆ ಹೊರಗಿನ ಗುತ್ತಿಗೆದಾರರು ಬರೆದ ಪಠ್ಯ, ರಚಿಸಿದ ವಿನ್ಯಾಸ ಹಾಗೂ ಪ್ರೋಗ್ರಾಮುಗಳ ಸ್ವಾಮ್ಯ ಅವರಲ್ಲಿಯೇ ಉಳಿಯುತ್ತದೆ. ಅದನ್ನು ವರ್ಗಾಯಿಸಲು ಅವರ ಸಹಿಯುಳ್ಳ ಲಿಖಿತ ಪತ್ರ ಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೆಯ ಪ್ರಕರಣವು ಭಾವಿಸುತ್ತದೆ. ರಫ್ತುದಾರರು ಈ ಎರಡನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಕೊನೆಯ ಕಂತಿನ ಹಣ ಪಾವತಿಸುವ ಮುನ್ನ ಈ ಪತ್ರವನ್ನೂ, ತಾಣದ ಸಂಪೂರ್ಣ ಕಡತಗಳನ್ನೂ, ಪ್ರವೇಶಪದಗಳನ್ನೂ ಪಡೆಯುವುದು ಲೇಸು. ಪಾವತಿಯಾದ ಮೇಲೆ ಇವೆಲ್ಲ ಕೇಳಿದಾಗ ಸಿಗುವ ಉತ್ಸಾಹವೇ ಬೇರೆ.

ಪ್ರತಿ ತೆಗೆಯುವ ಬಗೆ

ಬ್ರೌಸರಿನಲ್ಲಿ 'ಸೇವ್' ಒತ್ತಿದರೆ ಉಳಿಯುವುದು ಕಣ್ಣಮುಂದಿರುವ ಒಂದು ಪುಟ ಮಾತ್ರ. ಅದನ್ನೇ ಪಿಡಿಎಫ್ ರೂಪದಲ್ಲಿ ಮುದ್ರಿಸಿದರೆ ಅಂಚಿನಲ್ಲಿ ವಿಳಾಸ ಹಾಗೂ ದಿನಾಂಕ ಮೂಡುವುದರಿಂದ, ಬೆಲೆಪಟ್ಟಿ, ಖಾತರಿ ಷರತ್ತು ಮುಂತಾದ ಒಂದೆರಡು ಪುಟಗಳಿಗೆ ಈ ವಿಧಾನ ಸಾಕು. ಷರತ್ತುಗಳನ್ನು ಬದಲಿಸುವ ಪ್ರತಿ ಸಲವೂ ಬದಲಾವಣೆಗೆ ಮುಂಚಿನ ಒಂದು, ನಂತರದ ಒಂದು ಪಿಡಿಎಫ್ ತೆಗೆದು, ಕಡತದ ಹೆಸರಿನಲ್ಲಿಯೇ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ದಿನಾಂಕ ಸೇರಿಸಿದರೆ ಅವು ತಾವಾಗಿಯೇ ಅನುಕ್ರಮವಾಗಿ ನಿಲ್ಲುತ್ತವೆ.

ಇಡೀ ತಾಣದ ಪ್ರತಿಗೆ ಎರಡು ಮಾರ್ಗಗಳಿವೆ. ಒಂದು ಹೊರಗಿನಿಂದ, ಮತ್ತೊಂದು ಒಳಗಿನಿಂದ. ಎಚ್‌ಟಿಟ್ರ್ಯಾಕ್ ಎಂಬ ಉಚಿತ ತಂತ್ರಾಂಶಕ್ಕೆ ತಾಣದ ವಿಳಾಸ ಕೊಟ್ಟರೆ, ಅದು ಮುಖಪುಟದಿಂದ ಆರಂಭಿಸಿ ಒಂದೊಂದೇ ಕೊಂಡಿಯನ್ನು ಹಿಡಿದು ಹೋಗಿ ಪುಟ, ಚಿತ್ರ, ಪಿಡಿಎಫ್‌ಗಳನ್ನೆಲ್ಲ ಸ್ವಂತ ಗಣಕಕ್ಕೆ ಇಳಿಸಿ, ಅಂತರ್ಜಾಲ ಸಂಪರ್ಕವಿಲ್ಲದೆಯೂ ತೆರೆಯುವಂತೆ ಕೊಂಡಿಗಳನ್ನು ತಿದ್ದಿ ಜೋಡಿಸುತ್ತದೆ. ವಿನ್ಯಾಸಕಾರರ ಸಹಕಾರ ದೊರೆಯದಿದ್ದಾಗ ಇದೊಂದೇ ದಾರಿ. ಆದರೆ ಸಾರ್ವಜನಿಕರಿಗೆ ಕಾಣುವುದಷ್ಟೇ ಇದಕ್ಕೂ ಕಾಣುತ್ತದೆ. ಆರ್ಡರುಗಳ ಪಟ್ಟಿ, ವಿಚಾರಣಾ ನಮೂನೆಯಲ್ಲಿ ಬಂದ ಸಂದೇಶಗಳು, ಗ್ರಾಹಕರ ವಿವರ ಇವೆಲ್ಲ ಸರ್ವರಿನ ದತ್ತಸಂಚಯದಲ್ಲಿರುತ್ತವೆ. ಅವುಗಳಿಗೆ ಒಳಗಿನ ಮಾರ್ಗವೇ ಬೇಕು: ಹೋಸ್ಟಿಂಗ್ ಖಾತೆಯ ನಿಯಂತ್ರಣ ಫಲಕದಲ್ಲಿ 'ಬ್ಯಾಕಪ್' ಎಂಬಲ್ಲಿಂದ ಕಡತಗಳನ್ನೂ ದತ್ತಸಂಚಯವನ್ನೂ ಒಟ್ಟಿಗೆ ಇಳಿಸಿಕೊಳ್ಳಬೇಕು. ವರ್ಡ್‌ಪ್ರೆಸ್ ಬಳಸುವವರು ಒಂದು ಎಚ್ಚರ ವಹಿಸಬೇಕು. ಅದರ 'ಎಕ್ಸ್‌ಪೋರ್ಟ್' ಆಯ್ಕೆಯಿಂದ ದೊರೆಯುವ ಕಡತದಲ್ಲಿ ಬರಹವಿರುತ್ತದೆ, ಚಿತ್ರಗಳಿರುವುದಿಲ್ಲ. ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ತಾಣ ನಾಶವಾದ ಮೇಲೆ ಆ ವಿಳಾಸಗಳಿಂದ ಪ್ರಯೋಜನವಿಲ್ಲ. ಚಿತ್ರಗಳಿರುವ 'ಅಪ್‌ಲೋಡ್ಸ್' ಫೋಲ್ಡರನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ತಾಣದ ಚಿತ್ರಗಳು ಗಾತ್ರ ಕುಗ್ಗಿಸಿದವಾದ್ದರಿಂದ, ಕ್ಯಾಮೆರಾದ ಮೂಲ ಚಿತ್ರಗಳನ್ನು ಬೇರೆಯಾಗಿಯೇ ಕಾಪಾಡಬೇಕು. ಮುಂದೆ ಕ್ಯಾಟಲಾಗು ಅಚ್ಚು ಹಾಕಿಸುವಾಗ ಅವೇ ಬೇಕಾಗುತ್ತವೆ.

ಜಾಲತಾಣದ ಹೆಸರಿನಲ್ಲಿಯೇ ಮಿಂಚಂಚೆ ಇರಿಸಿಕೊಂಡವರಿಗೆ ಮಿಂಚಂಚೆಯ ನಷ್ಟವೇ ಪುಟಗಳ ನಷ್ಟಕ್ಕಿಂತ ದೊಡ್ಡದು. ಖರೀದಿ ಆದೇಶ, ದರಪಟ್ಟಿ, ನಕ್ಷೆಯ ಒಪ್ಪಿಗೆ ಎಲ್ಲವೂ ಅಲ್ಲಿಯೇ ಇರುತ್ತವೆ. ಕಚೇರಿಯ ಗಣಕದಲ್ಲಿ ಅವು ಕಾಣುತ್ತಿವೆ ಎಂದ ಮಾತ್ರಕ್ಕೆ ಪ್ರತಿ ಇದೆಯೆಂದಲ್ಲ. ಐಮ್ಯಾಪ್ ಪದ್ಧತಿಯಲ್ಲಿ ಗಣಕವು ಸರ್ವರಿಗೆ ಹಿಡಿದ ಕನ್ನಡಿಯಷ್ಟೇ. ಅಲ್ಲಿ ಅಳಿಸಿಹೋದದ್ದು ಮುಂದಿನ ಸಂಪರ್ಕದಲ್ಲಿ ಇಲ್ಲಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಪ್ರತಿ ತ್ರೈಮಾಸಿಕದಲ್ಲಿ ಒಮ್ಮೆ ಪತ್ರಗಳನ್ನು ಸ್ಥಳೀಯ ಕಡತಕ್ಕೆ ವರ್ಗಾಯಿಸಿಡುವುದು ಸೂಕ್ತ. ಸಾಮಾಜಿಕ ಜಾಲಗಳಲ್ಲಿ ಮಾತ್ರವೇ ಅಂಗಡಿ ತೆರೆದವರೂ ಇದ್ದಾರೆ. ಭಾರತದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು. ಫೇಸ್‌ಬುಕ್ ಹಾಗೂ ಗೂಗಲ್ ಖಾತೆಗಳಲ್ಲಿ ಸ್ವಂತ ಮಾಹಿತಿಯನ್ನು ಇಳಿಸಿಕೊಳ್ಳುವ ಸೌಲಭ್ಯವಿದೆ, ಅದನ್ನು ವರ್ಷಕ್ಕೊಮ್ಮೆಯಾದರೂ ಬಳಸಬೇಕು.

ಸಾರ್ವಜನಿಕ ಸಂಗ್ರಹಗಳ ನೆರವನ್ನೂ ಪಡೆಯಬಹುದು. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರೂಸ್ಟರ್ ಕಾಹ್ಲೆ ಅವರು ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯು 2001ರಿಂದ 'ವೇಬ್ಯಾಕ್ ಮಷೀನ್' ಎಂಬ ಸೇವೆಯ ಮೂಲಕ ಹಳೆಯ ಪುಟಗಳನ್ನು ಉಚಿತವಾಗಿ ತೋರಿಸುತ್ತಿದೆ. 2025ರ ಅಕ್ಟೋಬರ್ ವೇಳೆಗೆ ಅಲ್ಲಿ ಸಂಗ್ರಹವಾದ ಪುಟಗಳ ಸಂಖ್ಯೆ ಒಂದು ಲಕ್ಷ ಕೋಟಿ ಮುಟ್ಟಿತು. 2013ರಿಂದ ಅಲ್ಲಿ ಯಾರು ಬೇಕಾದರೂ ಒಂದು ಪುಟದ ವಿಳಾಸ ಕೊಟ್ಟು ಆ ಕ್ಷಣದ ಪ್ರತಿಯನ್ನು ಉಳಿಸಬಹುದಾಗಿದೆ. ಮೂರನೆಯವರ ಬಳಿ, ಮೂರನೆಯವರು ಹಾಕಿದ ದಿನಾಂಕದೊಂದಿಗೆ ಇರುವುದರಿಂದ ಆ ಪ್ರತಿಗೆ ವಿಶೇಷ ಬೆಲೆಯುಂಟು. ತನ್ನ ಸಂಗ್ರಹದ ಪುಟಗಳ ಬಗ್ಗೆ ಆ ಸಂಸ್ಥೆಯು ಕೋರಿಕೆಯ ಮೇರೆಗೆ ಪ್ರಮಾಣಪತ್ರವನ್ನೂ ಕೊಡುತ್ತದೆ. ತಾಣ ಈಗಾಗಲೇ ಕಳೆದುಹೋಗಿದ್ದರೆ ಮೊದಲು ಹುಡುಕಬೇಕಾದದ್ದು ಇಲ್ಲಿಯೇ. ಹಾಗೆಂದು ಅದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಎಲ್ಲ ಪುಟಗಳೂ ಅಲ್ಲಿರುವುದಿಲ್ಲ, ಚಿತ್ರಗಳು ಬಿಟ್ಟುಹೋಗಿರುತ್ತವೆ, ಮತ್ತು 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಆ ಸೇವೆಯೇ ಕೆಲವು ದಿನ ಸ್ಥಗಿತವಾಗಿತ್ತು. ಗೂಗಲ್ ಹುಡುಕಾಟದಲ್ಲಿ ದೊರೆಯುತ್ತಿದ್ದ 'ಕ್ಯಾಶ್' ಪ್ರತಿಯನ್ನಂತೂ 2024ರಲ್ಲಿ ತೆಗೆದುಹಾಕಲಾಗಿದೆ.

ಹಳೆಯ ಕನ್ನಡ ತಾಣಗಳು

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದಲ್ಲಿ ತಾಣ ಮಾಡಿಸಿದವರಿಗೆ ಹೆಚ್ಚುವರಿ ತೊಡಕೊಂದಿದೆ. ಆಗ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಪುಟ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಓದುಗರ ಅನುಕೂಲಕ್ಕೆಂದು ಕೆಲವು ತಾಣಗಳು ಪುಟದೊಂದಿಗೆ ಫಾಂಟನ್ನೂ ಕಳುಹಿಸುತ್ತಿದ್ದವು. ಅದಕ್ಕೆ ಬಳಸಿದ ಕಡತಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲೇ ಕೆಲಸ ಮಾಡುತ್ತಿದ್ದವು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿದೆ. ಇಂತಹ ತಾಣದ ಪ್ರತಿ ಇದ್ದವರು ಮೂಲವನ್ನು ಹಾಗೆಯೇ ಬಿಟ್ಟು, ಫಾಂಟ್ ಕಡತವನ್ನೂ ಅದರ ಪಕ್ಕದಲ್ಲಿಟ್ಟು, ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದ ಎರಡನೆಯ ಪ್ರತಿಯೊಂದನ್ನು ಮಾಡಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು. ಬೆಲೆ ಮತ್ತು ಷರತ್ತುಗಳಿರುವ ಸಾಲುಗಳನ್ನು ಕಣ್ಣಿಟ್ಟು ಓದಿ ನೋಡಬೇಕು. ಫ್ಲ್ಯಾಶ್ ತಂತ್ರಜ್ಞಾನದಲ್ಲಿ ಕುಣಿಯುವ ಮುಖಪುಟ ಮಾಡಿಸಿದ್ದವರದೂ ಇದೇ ಪಾಡು. ಅಡೋಬಿ ಸಂಸ್ಥೆಯು ಅದರ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಈಗ ಅವುಗಳನ್ನು ನೋಡಲು ರಫಲ್ ಎಂಬ ಉಚಿತ ತಂತ್ರಾಂಶವನ್ನು ಆಶ್ರಯಿಸಬೇಕು.

ಎಲ್ಲಿಡಬೇಕು, ಹೇಗೆ ರುಜುವಾತುಪಡಿಸಬೇಕು

ಗಣಕ ಪರಿಣತರು ಹೇಳುವ ಲೆಕ್ಕ ಸರಳವಾಗಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಕಾರ್ಖಾನೆಯ ಗಣಕದಲ್ಲಿ ಒಂದು, ಹೊರಜೋಡಣೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯಲ್ಲೋ ಕ್ಲೌಡ್ ಸೇವೆಯಲ್ಲೋ ಮತ್ತೊಂದು. ಹಾರ್ಡ್ ಡಿಸ್ಕನ್ನು ಪ್ರತಿ ತೆಗೆದ ಮೇಲೆ ಕಳಚಿಡಬೇಕು. ಗಣಕಕ್ಕೆ ತಗುಲಿಯೇ ಇದ್ದರೆ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶಗಳು ಅದನ್ನೂ ಬಿಡುವುದಿಲ್ಲ. ಪೆನ್ ಡ್ರೈವ್ ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕೆ ಅಲ್ಲ. ಪ್ರತಿ ತೆಗೆದ ಮೇಲೆ ಅಂತರ್ಜಾಲ ಸಂಪರ್ಕ ತಪ್ಪಿಸಿದ ಬೇರೊಂದು ಗಣಕದಲ್ಲಿ ಅದನ್ನು ತೆರೆದು ನೋಡುವ ಕೆಲಸ ಬಹುತೇಕ ಯಾರೂ ಮಾಡುವುದಿಲ್ಲ. ತೆರೆಯದ ಪ್ರತಿ ಎಣಿಸದ ನಗದಿನಂತೆ.

ನ್ಯಾಯಾಲಯದ ಮುಂದೆ ಕೇವಲ ಮುದ್ರಿತ ಪುಟವನ್ನು ಹಾಜರುಪಡಿಸಿದರೆ ಸಾಲದು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣವು ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವಿರಬೇಕೆಂದು ವಿಧಿಸಿತ್ತು. ಸರ್ವೋಚ್ಚ ನ್ಯಾಯಾಲಯವು 2014ರ ಅನ್ವರ್ ಹಾಗೂ 2020ರ ಅರ್ಜುನ್ ಪಂಡಿತರಾವ್ ಪ್ರಕರಣಗಳಲ್ಲಿ ಇದನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಆ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣವು ಜಾರಿಯಲ್ಲಿದೆ. ಹೊಸ ಕಾನೂನಿನ ಅನುಸೂಚಿಯಲ್ಲಿ ಪ್ರಮಾಣಪತ್ರದ ನಮೂನೆಯೇ ಇದ್ದು, ಮೊದಲ ಭಾಗಕ್ಕೆ ದಾಖಲೆ ಸಲ್ಲಿಸುವವರೂ ಎರಡನೆಯ ಭಾಗಕ್ಕೆ ತಜ್ಞರೂ ಸಹಿ ಹಾಕಬೇಕು. ಎರಡರಲ್ಲೂ ಕಡತದ 'ಹ್ಯಾಷ್ ಮೌಲ್ಯ'ವನ್ನು ನಮೂದಿಸಬೇಕು.

ಹ್ಯಾಷ್ ಮೌಲ್ಯವೆಂದರೆ ಕಡತದ ಹೆಬ್ಬೆಟ್ಟಿನ ಗುರುತೆನ್ನಬಹುದು. ಎಷ್ಟೇ ದೊಡ್ಡ ಕಡತವಾದರೂ ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಂಕಿ-ಅಕ್ಷರಗಳ ಒಂದು ಸಾಲಾಗುತ್ತದೆ. ಕಡತದೊಳಗೆ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್ ಗಣಕದಲ್ಲಿಯೇ ಇರುವ 'ಸರ್ಟ್‌ಯುಟಿಲ್' ಎಂಬ ಸಾಧನದಿಂದ ಇದನ್ನು ಕ್ಷಣಾರ್ಧದಲ್ಲಿ ಲೆಕ್ಕ ಹಾಕಬಹುದು, ಖರ್ಚೇನೂ ಇಲ್ಲ. ತಾಣದ ಇಡೀ ಪ್ರತಿಯನ್ನು ಒಂದು ಜಿಪ್ ಕಡತವಾಗಿ ಕಟ್ಟಿ, ಅದರ ಹ್ಯಾಷ್ ಮೌಲ್ಯವನ್ನು ತೆಗೆದು, ಪ್ರತಿ ತೆಗೆದ ದಿನಾಂಕ, ತೆಗೆದವರ ಹೆಸರು, ಬಳಸಿದ ಗಣಕ ಹಾಗೂ ತಂತ್ರಾಂಶದ ಹೆಸರುಗಳೊಂದಿಗೆ ಒಂದು ವಹಿಯಲ್ಲಿ ಬರೆದು ಸಹಿ ಮಾಡಬೇಕು. ಅದೇ ಸಾಲನ್ನು ಅಂದೇ ಲೆಕ್ಕಪರಿಶೋಧಕರಿಗೋ ವಕೀಲರಿಗೋ ಮಿಂಚಂಚೆಯಲ್ಲಿ ಕಳುಹಿಸಿದರೆ ದಿನಾಂಕಕ್ಕೆ ಹೊರಗಿನವರೊಬ್ಬರ ಬಳಿಯೂ ಆಧಾರ ಉಳಿಯುತ್ತದೆ. ಡೊಮೇನ್ ಹಾಗೂ ಹೋಸ್ಟಿಂಗ್ ಬಾಡಿಗೆಯ ಬಿಲ್ಲುಗಳು ಸಂಸ್ಥೆಯ ಹೆಸರಿನಲ್ಲಿದ್ದು ಇದೇ ಕಡತದೊಂದಿಗೆ ಸೇರಿರಬೇಕು. ಆರು ವರ್ಷ ಕಳೆದರೆ ತೆರಿಗೆಯ ದೃಷ್ಟಿಯಿಂದ ಅವುಗಳನ್ನು ವಿಲೇವಾರಿ ಮಾಡಬಹುದಾದರೂ, ಹೆಸರಿನ ಬಳಕೆಗೆ ಅವು ಸಾಕ್ಷಿಯಾದ್ದರಿಂದ ಹಳೆಯ ಬಿಲ್ಲುಗಳನ್ನು ರದ್ದಿಗೆ ಹಾಕುವಾಗ ಇವನ್ನು ಬೇರ್ಪಡಿಸಿ ಎತ್ತಿಡುವಂತೆ ಗುಮಾಸ್ತರಿಗೆ ತಿಳಿಸಿರಬೇಕು.